ಲಿಸ್ಬನ್‌ನಲ್ಲಿ ಆರು ರಾತ್ರಿ: ಅತ್ತೆಯ ಮೊಣಕಾಲು, ನಮ್ಮ ಬಜೆಟ್

ಹುಬ್ಬಳ್ಳಿ ಗುಬ್ಬಿ
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೂರನೆಯ ವಾರದಲ್ಲಿ ಲಿಸ್ಬನ್‌ಗೆ ಹೊರಟಿದ್ದೇವೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು ಮತ್ತು ಅರವತ್ತೆಂಟು ತುಂಬಿದ ಅತ್ತೆ. ವೀಸಾ, ವಿಮಾನ ಎರಡೂ ಆಗಿವೆ. ಇನ್ನುಳಿದ ವಸತಿ, ಓಡಾಟ, ಊಟ, ಪ್ರವೇಶ ಶುಲ್ಕಗಳಿಗೆ ಎರಡು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೆ ಎರಡು ಸಾವಿರ ಯೂರೊ.

ಗೊಂದಲ ಶುರುವಾದದ್ದು ಮನೆ ಹುಡುಕುವಾಗ. ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ಚೆಂದದ ಮನೆಯೊಂದು ಸಿಕ್ಕಿದೆ. ನಕ್ಷೆಯ ಪ್ರಕಾರ ಅಲ್ಲಿಂದ ಕೋಟೆಗೆ ಅರ್ಧ ಕಿಲೋಮೀಟರ್, ನದಿಗೂ ಅಷ್ಟೇ. "ಎಲ್ಲವೂ ನಡೆಯುವ ದೂರ, ಬಸ್ಸಿನ ಖರ್ಚೇ ಇಲ್ಲ" ಎಂದು ಯಜಮಾನರು ಬಹಳ ಖುಷಿಯಲ್ಲಿದ್ದಾರೆ. ಅತ್ತೆಗೆ ಎಡ ಮೊಣಕಾಲು ನೋವು. ವೈದ್ಯರು ನಡೆಯಬೇಡಿ ಎಂದಿಲ್ಲ, ಮೆಟ್ಟಿಲು ಕಡಿಮೆ ಮಾಡಿ ಎಂದಿದ್ದಾರೆ. ಅವರು ಮಾತ್ರ "ನನಗಾಗಿ ಏನನ್ನೂ ಬಿಡಬೇಡಿ" ಎನ್ನುತ್ತಿದ್ದಾರೆ. ಈ ಮಾತು ಕೇಳಿದ ಮೇಲೆಯೇ ನನಗೆ ಭಯ ಜಾಸ್ತಿಯಾಗಿರುವುದು. ಹೋಗಿ ಬಂದವರು ದಯವಿಟ್ಟು ದಾರಿ ತೋರಿಸಿ.

ತೇಜೊ ದಂಡೆ
ನಾಲ್ಕು ವರ್ಷದಿಂದ ಈ ಊರಿನಲ್ಲಿದ್ದೇನೆ. ಮೊದಲು ಆ ಅಲ್ಫಾಮಾ ಮನೆಯನ್ನು ಬಿಡಿ. ಚೆಂದ ನಿಜ. ಆದರೆ ಆ ಕೇರಿಯ ಬಹುಪಾಲು ದಾರಿಗಳು ದಾರಿಗಳಲ್ಲ, ಮೆಟ್ಟಿಲುಗಳು. ಟ್ಯಾಕ್ಸಿ ಬಾಗಿಲಿನವರೆಗೆ ಬರುವುದಿಲ್ಲ. ಮನೆಯೊಳಗೂ ಹಳೆಯ ಕಾಲದ ಕಿರಿದಾದ ಮರದ ಮೆಟ್ಟಿಲು. ಲಿಫ್ಟ್ ಇದ್ದರೆ ಅದು ಪವಾಡ. ಬೆಳಿಗ್ಗೆ ಹಾಲು ತರಲು ಹೋದವರು ಮಧ್ಯಾಹ್ನದವರೆಗೆ ಸುಧಾರಿಸಿಕೊಳ್ಳಬೇಕು.

ಊರಿನ ಏರಿಳಿತವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ, ಮುಂದಿನದೆಲ್ಲ ಸುಲಭ. ಎರಡೂ ಅಂಗೈಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಬೊಗಸೆ ಮಾಡಿ. ನಡುವಿನ ತಗ್ಗು ಬೈಶಾ. 1755ರ ನವೆಂಬರ್ 1ರ ಭೂಕಂಪದಲ್ಲಿ ನೆಲಸಮವಾಗಿ, ಮಂತ್ರಿ ಪೊಂಬಾಲನ ಆಡಳಿತದಲ್ಲಿ ಗೆರೆ ಎಳೆದ ಹಾಗೆ ಮತ್ತೆ ಕಟ್ಟಿದ ಪೇಟೆ. ಇಲ್ಲಿ ನೆಲ ಸಮತಟ್ಟು. ನದಿಯ ಕಡೆ ಮುಖ ಮಾಡಿ ನಿಂತರೆ ಎಡಗೈ ಬೆಟ್ಟದ ಮೇಲೆ ಕೋಟೆ, ಅಲ್ಫಾಮಾ, ಗ್ರಾಸಾ. ಬಲಗೈ ಬೆಟ್ಟದ ಮೇಲೆ ಶಿಯಾಡೊ, ಬೈರು ಆಲ್ತು. ನಕ್ಷೆಯಲ್ಲಿ ಎಡ ಬೆರಳಿನಿಂದ ಬಲ ಬೆರಳಿಗೆ ಗೇಣುದ್ದ. ಕಾಲಿಗೆ ಮಾತ್ರ ಒಂದು ಬೆಟ್ಟ ಇಳಿದು ಇನ್ನೊಂದು ಹತ್ತುವ ಕೆಲಸ.

ಅಲಮೇಡಾ, ಸಲ್ದಾನ್ಯಾ, ಅರೋಯೊಸ್ ಕಡೆ ಮನೆ ನೋಡಿ. ಅಲ್ಲಿ ಹೆಚ್ಚು ಏರಿಳಿತವಿಲ್ಲ, ಕಟ್ಟಡಗಳು ಹೊಸವು, ಲಿಫ್ಟ್ ಇರುತ್ತದೆ, ಬಾಡಿಗೆಯೂ ಕಡಿಮೆ. ವಿಮಾನ ನಿಲ್ದಾಣದಿಂದ ಕೆಂಪು ಮಾರ್ಗದ ಮೆಟ್ರೊ ನೇರವಾಗಿ ಅಲಮೇಡಾಕ್ಕೆ ಬರುತ್ತದೆ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಕೆಲವೇ ನಿಲ್ದಾಣಗಳಲ್ಲಿ ಬೈಶಾದ ರೊಸಿಯು ಚೌಕ. ಚಿತ್ರಕ್ಕೆ ಹೊಂದುವ ಕಿಟಕಿ ಸಿಗುವುದಿಲ್ಲ. ಮೊಣಕಾಲು ಉಳಿಯುತ್ತದೆ.

ಒಂಟಿ ಚೀಲ
ಇಷ್ಟೊಂದು ಹೆದರಿಸಬೇಕೆ? ನಾನು ಐದು ದಿನ ಪೂರ್ತಿ ನಡೆದೇ ನೋಡಿದೆ, ಓಡಾಟದ ಖರ್ಚು ಶೂನ್ಯ. ಊರನ್ನು ಕಾಲಿನಿಂದಲೇ ನೋಡಬೇಕು.

ತೇಜೊ ದಂಡೆ
ನಿಮ್ಮ ವಯಸ್ಸು ಎಷ್ಟು ಸ್ವಾಮಿ?

ಒಂಟಿ ಚೀಲ
ಇಪ್ಪತ್ತಾರು. ಸರಿ, ಅರ್ಥವಾಯಿತು.

ಲೆಕ್ಕದ ಪುಸ್ತಕ
ಓಡಾಟದ ಲೆಕ್ಕ ನನಗೆ ಬಿಡಿ. ನಾನು ಹೋಗಿ ಬಂದದ್ದು ಇದೇ 2025ರ ಮೇ ತಿಂಗಳಿನಲ್ಲಿ, ಆದ್ದರಿಂದ ದರಗಳು ಹೆಚ್ಚು ಹಳೆಯವಲ್ಲ. ಮೆಟ್ರೊ ಯಂತ್ರದಲ್ಲಿ ನವೆಗಾಂಟೆ ಎಂಬ ರಟ್ಟಿನ ಕಾರ್ಡ್ ಸಿಗುತ್ತದೆ, ಒಂದಕ್ಕೆ 50 ಸೆಂಟ್. ತಲೆಗೊಂದು ಕಾರ್ಡ್ ಬೇಕೇ ಬೇಕು. ಒಂದೇ ಕಾರ್ಡಿನಲ್ಲಿ ನಾಲ್ವರೂ ಸಾಗುವಂತಿಲ್ಲ. ಮಗಳಿಗೂ ಬೇಕು, ಪ್ರವಾಸಿಗಳ ಮಕ್ಕಳಲ್ಲಿ ನಾಲ್ಕು ವರ್ಷದೊಳಗಿನವರಿಗಷ್ಟೇ ಉಚಿತ.

ಆ ಕಾರ್ಡಿಗೆ ಏನು ತುಂಬಿಸುತ್ತೀರಿ ಎನ್ನುವುದರ ಮೇಲೆ ಉಳಿತಾಯ ನಿಂತಿದೆ. 2025ರಲ್ಲಿ ಬಿಡಿ ಟಿಕೆಟ್ 1.85 ಯೂರೊ ಇತ್ತು, ಒಂದು ಗಂಟೆಯೊಳಗೆ ಮೆಟ್ರೊ, ಬಸ್, ಟ್ರಾಮ್ ಬದಲಿಸಬಹುದು. 24 ಗಂಟೆಯ ಟಿಕೆಟ್ ಆಗ 7 ಯೂರೊ. ಎಷ್ಟು ಸಲ ಬೇಕಾದರೂ ಹತ್ತಿಳಿಯಬಹುದು. ಅಂದರೆ ದಿನಕ್ಕೆ ನಾಲ್ಕು ಸಲ ಹತ್ತಿದರೆ 24 ಗಂಟೆಯದು ಲಾಭ, ಮೂರಕ್ಕೆ ನಷ್ಟ. ಮೂರನೆಯದು ಜ್ಯಾಪಿಂಗ್. ಕಾರ್ಡಿಗೆ ಹತ್ತು ಯೂರೊ ಹಾಕಿಟ್ಟರೆ ಹತ್ತಿದಂತೆಲ್ಲ ಬಿಡಿ ಟಿಕೆಟ್‌ಗಿಂತ ತುಸು ಕಡಿಮೆ ದರದಲ್ಲಿ ಕಡಿತವಾಗುತ್ತದೆ. ಹತ್ತಿರದ ಅರಮನೆಗಳ ಊರು ಸಿಂಟ್ರಾದ ರೈಲಿಗೂ ನದಿಯ ದೋಣಿಗೂ ಅದೇ ನಡೆಯುತ್ತದೆ.

24 ಗಂಟೆ ಎಂದರೆ ತಾರೀಖಲ್ಲ, ಗಡಿಯಾರ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಸಲ ತೋರಿಸಿದರೆ ಮರುದಿನ ಹನ್ನೊಂದರವರೆಗೆ ನಡೆಯುತ್ತದೆ. ನಾವು ಮರುದಿನ ಹತ್ತೂವರೆಗೆ ಗುಡ್ಡ ಹತ್ತಿಸಿಕೊಂಡು ಆಮೇಲೆ ಕೆಳಗೆ ಅಡ್ಡಾಡುತ್ತಿದ್ದೆವು. ಜಿಪುಣತನ ಎನ್ನಿ, ಪರವಾಗಿಲ್ಲ.

ಟ್ರಾಮ್ ಏರಿ ಚಾಲಕನ ಕೈಗೆ ದುಡ್ಡು ಕೊಡುವವರು ಮಾತ್ರ ನನ್ನ ಕಣ್ಣಿಗೆ ಪಾಪದವರು. ತಲೆಗೆ ಮೂರು ಯೂರೊಗೂ ಹೆಚ್ಚು, ಅದೂ ಒಂದೇ ಸಲಕ್ಕೆ.

ಕುಂದಾಪುರದ ಕಾಣೆ
ಬ್ಯಾಂಕಿನ ಕಾರ್ಡನ್ನೇ ಮೆಟ್ರೊ ಗೇಟಿಗೆ ಮುಟ್ಟಿಸಿದರೂ ಆಗುತ್ತದಲ್ಲ?

ಲೆಕ್ಕದ ಪುಸ್ತಕ
ಆಗುತ್ತದೆ. ಅಲ್ಲಿಯೂ ತಲೆಗೊಂದು ಕಾರ್ಡ್ ಬೇಕು. ಒಂಬತ್ತು ವರ್ಷದ ಮಗಳಿಗೆ ಬ್ಯಾಂಕ್ ಕಾರ್ಡ್ ಎಲ್ಲಿಂದ ತರುತ್ತೀರಿ? ಇನ್ನೊಂದು ಮಾತು: ಎಲ್ಲಿ ಕಾರ್ಡ್ ಕೊಟ್ಟರೂ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ" ಎಂದು ಬಹಳ ಪ್ರೀತಿಯಿಂದ ಕೇಳಿದರೆ ಬೇಡ ಎನ್ನಿ. ಯೂರೊ ಎಂದೇ ಒತ್ತಿ. ಆ ಪ್ರೀತಿಗೆ ಬೆಲೆ ಇದೆ.

ತೇಜೊ ದಂಡೆ
ಲೆಕ್ಕದ ಪುಸ್ತಕದವರು ದುಡ್ಡು ಕೊಟ್ಟು ಹತ್ತುವುದನ್ನು ಹೇಳಿದರು. ಬಿಟ್ಟಿಯಾಗಿ ಹತ್ತುವುದನ್ನು ನಾನು ಹೇಳುತ್ತೇನೆ.

ಕೋಟೆಯ ಕಡೆಗೆ ಹೋಗಬೇಕಾದರೆ ಬೈಶಾದ ಫಾಂಕೇರೊಸ್ ಬೀದಿಗೆ ಬನ್ನಿ. ಮಾಮೂಲಿ ಅಂಗಡಿಸಾಲಿನ ನಡುವೆ ಒಂದು ಹಳೆಯ ಕಟ್ಟಡದ ಬಾಗಿಲು. ಒಳಗೆ ನಗರಪಾಲಿಕೆಯ ಲಿಫ್ಟ್, ಟಿಕೆಟ್ ಇಲ್ಲ. ಅದರಲ್ಲಿ ಮೇಲೆ ಹೋಗಿ ಹಿಂದಿನ ಬಾಗಿಲಿನಿಂದ ಹೊರಬಿದ್ದರೆ ಮದಲೇನಾ ಬೀದಿ. ಒಂದೇ ಕಟ್ಟಡದ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಅದಕ್ಕಿಂತ ಮಹಡಿಗಟ್ಟಲೆ ಎತ್ತರದ ಇನ್ನೊಂದು ಬೀದಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಹಳೆಯ ಮಾರುಕಟ್ಟೆಯೊಂದರ ಕಟ್ಟಡ, ಕೆಳಗೆ ಸೂಪರ್ ಮಾರ್ಕೆಟ್. ಅದರ ಪಕ್ಕದ ಲಿಫ್ಟ್ ಹಿಡಿದು ಕೊನೆಯ ಮಹಡಿಗೆ ಹೋದರೆ ಕೋಶ್ತಾ ದು ಕಶ್ತೆಲು ಬೀದಿ. ಕೋಟೆ ಬಾಗಿಲಿಗೆ ಇನ್ನೂ ಏರು ಇದೆ, ಆದರೆ ಬಹುಪಾಲು ಬೆಟ್ಟ ಆಗಲೇ ಕಾಲ ಕೆಳಗೆ. ಈ ಲಿಫ್ಟ್‌ಗಳು ರಾತ್ರಿಯಿಡೀ ಓಡುವುದಿಲ್ಲ, ಅದು ನೆನಪಿರಲಿ.

ಎದುರು ಬೆಟ್ಟಕ್ಕೆ ಇದಕ್ಕಿಂತ ಸುಲಭ. ಬೈಶಾ-ಶಿಯಾಡೊ ಮೆಟ್ರೊ ನಿಲ್ದಾಣಕ್ಕೆ ಕೆಳಗೊಂದು ಬಾಗಿಲು, ಬೆಟ್ಟದ ಮೇಲೊಂದು ಬಾಗಿಲು. ಟಿಕೆಟ್ ಗೇಟ್ ದಾಟದೆಯೇ ಒಂದರಿಂದ ಇನ್ನೊಂದಕ್ಕೆ ಎಸ್ಕಲೇಟರ್‌ಗಳ ಮೇಲೆ ಹೋಗಬಹುದು. ಒಂದಾದ ಮೇಲೊಂದು ಎಸ್ಕಲೇಟರ್ ಬರುತ್ತಲೇ ಇರುತ್ತದೆ, ಪಾತಾಳದಿಂದ ಭೂಲೋಕಕ್ಕೆ ಎದ್ದ ಹಾಗೆ. ಆಗಾಗ ಒಂದೋ ಎರಡೋ ಕೆಟ್ಟು ನಿಂತಿರುತ್ತವೆ. ಅಂಥ ದಿನ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ನನ್ನ ಸೂತ್ರ ಒಂದೇ: ಹತ್ತುವುದಕ್ಕೆ ಯಂತ್ರ, ಇಳಿಯುವುದಕ್ಕೆ ಕಾಲು.

ನಿವೃತ್ತ ಮೇಷ್ಟ್ರು
ಮೇಲಿನವರ ಮಾಹಿತಿಗೆ ನಮಸ್ಕಾರ, ಸೂತ್ರಕ್ಕೆ ಆಕ್ಷೇಪ. ನನಗೆ ಎಪ್ಪತ್ತೊಂದು, ಎರಡು ಮೊಣಕಾಲಿನ ಅನುಭವ. ಮೈಸೂರಿನವನು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಅರವತ್ತೈದರವರೆಗೆ ಹತ್ತಿದ್ದೇನೆ. ಕಾಲು ಕೈಕೊಟ್ಟದ್ದು ಒಂದು ಸಲವೂ ಹತ್ತುವಾಗ ಅಲ್ಲ, ಇಳಿಯುವಾಗ. ಹತ್ತುವಾಗ ಏದುಸಿರು, ಇಳಿಯುವಾಗ ನೋವು. ಏದುಸಿರಿಗೆ ಒಂದು ಬೆಂಚು, ಒಂದು ಗುಟುಕು ನೀರು ಸಾಕು. ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಗೂ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಮೊಣಕಾಲು ನೋವಿರುವ ಯಾರನ್ನೇ ಕೇಳಿ, ಇದನ್ನೇ ಹೇಳುತ್ತಾರೆ.

ಜೊತೆಗೆ ಆ ಊರಿನ ಕಾಲುದಾರಿ. 2023ರಲ್ಲಿ ಮಗನ ಜೊತೆ ಹೋಗಿದ್ದೆ. ಪಾದಚಾರಿ ಮಾರ್ಗಕ್ಕೆಲ್ಲ ಅಂಗೈಗಿಂತ ಚಿಕ್ಕ ಸುಣ್ಣದಕಲ್ಲಿನ ಚೌಕಗಳನ್ನು ಕೂರಿಸಿದ್ದಾರೆ. ಬಿಳಿಯ ನಡುವೆ ಕಪ್ಪು ಬಳ್ಳಿ, ಅಲೆ, ಹೂವು. ರಂಗೋಲಿ ತುಳಿದುಕೊಂಡು ಹೋದ ಹಾಗೆ ಅನ್ನಿಸಿ ಮೊದಲ ದಿನ ಬಗ್ಗಿ ಬಗ್ಗಿ ನೋಡಿದೆ. ತಲೆಮಾರುಗಳ ಚಪ್ಪಲಿ ಸವೆಸಿ ಅದು ಗಾಜಿನಷ್ಟು ನುಣುಪಾಗಿದೆ. ಎರಡನೆಯ ದಿನ ಹತ್ತು ನಿಮಿಷ ಜಿನುಗು ಮಳೆ ಬಂತು. ಮಗ ಎರಡೂ ತೋಳು ಹಿಡಿದುಕೊಂಡು ನನ್ನನ್ನು ಮಗುವಿನ ಹಾಗೆ ಇಳಿಸಿದ. ಅಕ್ಟೋಬರ್ ಎಂದರೆ ಮಳೆ ಶುರುವಾಗುವ ಕಾಲ.

ಆದ್ದರಿಂದ ತಂಗಿಗೆ ನನ್ನ ಸಲಹೆ ತಿರುಗುಮುರುಗು. ಅತ್ತೆಯವರಿಗೆ ಏರು ತೀರಾ ಕಡಿದಾಗಿಲ್ಲದಿದ್ದರೆ ನಿಧಾನವಾಗಿ ಹತ್ತಲಿ. ಇಳಿಯಲು ಖಂಡಿತವಾಗಿ ವಾಹನ ಮಾಡಿ. ಹಿಡಿತವಿರುವ ರಬ್ಬರ್ ಅಟ್ಟೆಯ ಬೂಟು ಇಲ್ಲಿಯೇ ಕೊಂಡು, ಹದಿನೈದು ದಿನ ಹಾಕಿ ಪಳಗಿಸಿ.

ತೇಜೊ ದಂಡೆ
ಮೇಷ್ಟ್ರೇ, ಒಪ್ಪಿದೆ. ನನ್ನದು ಮೂವತ್ತರ ಮೊಣಕಾಲಿನ ಸೂತ್ರ. ನೀವು ಹೇಳಿದ ಮೇಲೆ ಯೋಚಿಸಿದೆ: ನಮ್ಮ ಕಟ್ಟಡದ ಅಜ್ಜಿ ದಿನವೂ ಮಾರುಕಟ್ಟೆಗೆ ನಡೆದುಕೊಂಡು ಹತ್ತುತ್ತಾರೆ, ಬಸ್ಸಿನಲ್ಲಿ ಇಳಿಯುತ್ತಾರೆ. ಚೀಲ ಭಾರವಿದೆ ಎಂದು ಬಸ್ಸು ಹಿಡಿಯುತ್ತಾರೆ ಅಂದುಕೊಂಡಿದ್ದೆ.

ಹಾಗಾದರೆ ಇಳಿಯುವ ವಾಹನಗಳು ಇವು. ಕೋಟೆಯಿಂದ ಫಿಗೇರಾ ಚೌಕಕ್ಕೆ 737 ಎಂಬ ಪುಟ್ಟ ಬಸ್ಸು, ಹತ್ತಲೂ ಅದೇ. ಬೈರು ಆಲ್ತು, ಪ್ರಿನ್ಸಿಪೆ ರಿಯಾಲ್ ಕಡೆಯಿಂದ ನದಿಯ ದಡಕ್ಕೆ 758. ಸಾಂತಾ ಲುಜಿಯಾ ನೋಟದ ಕಟ್ಟೆಯ ಹತ್ತಿರದಿಂದ 12ನೆಯ ಟ್ರಾಮ್. ಅದು ಫಿಗೇರಾ ಚೌಕದಿಂದ ಹೊರಟು ಅಲ್ಫಾಮಾ ಸುತ್ತಿ ಅಲ್ಲಿಗೇ ಬರುವ ಚಿಕ್ಕ ಸುತ್ತು. ಏನೂ ಸಿಗದಿದ್ದರೆ ಆ್ಯಪ್ ಟ್ಯಾಕ್ಸಿ. ನಾಲ್ವರಿರುವಾಗ ಬೆಟ್ಟದಿಂದ ಇಳಿಯುವ ಸಣ್ಣ ದೂರಕ್ಕೆ ಟ್ರಾಮಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಅಂತರಗಂಗೆ
ಹಳದಿ ಕೇಬಲ್ ಗಾಡಿಗಳಿದ್ದವಲ್ಲ, ಇಳಿಜಾರಿನ ಮೇಲೆಯೇ ಹಳಿ ಹಾಕಿ ಎಳೆಯುವವು? ಅವನ್ನು ಯಾರೂ ಹೇಳುತ್ತಿಲ್ಲ.

ತೇಜೊ ದಂಡೆ
ಬೇಕೆಂದೇ ಹೇಳಿಲ್ಲ. 2025ರ ಸೆಪ್ಟೆಂಬರ್ 3ರ ಸಂಜೆ, 1885ರಿಂದ ಇರುವ ಗ್ಲೋರಿಯಾ ಗಾಡಿಯ ಕೇಬಲ್ ಕಳಚಿತು. ಇಳಿಜಾರಿನಲ್ಲಿ ಉರುಳಿ 16 ಜನ ಸತ್ತರು. ಉಳಿದ ಕೇಬಲ್ ಗಾಡಿಗಳನ್ನೂ ಆಮೇಲೆ ನಿಲ್ಲಿಸಿದರು. ನಾನು ವಾರಕ್ಕೆರಡು ಸಲ ಅದರಲ್ಲೇ ಹತ್ತುತ್ತಿದ್ದವನು. ಕೆಳಗಿನ ರೆಸ್ತೌರಾದೋರೆಸ್ ಚೌಕದಲ್ಲಿ ಈಗಲೂ ಹೂವು, ಮೇಣದಬತ್ತಿ ಇಡುತ್ತಿದ್ದಾರೆ. ಹೊರಡುವ ಮುನ್ನ ಯಾವುದು ಓಡುತ್ತಿದೆ ಎಂದು ನೋಡಿಕೊಳ್ಳಿ. ಅವುಗಳನ್ನು ನಂಬಿ ದಿನದ ಯೋಜನೆ ಹಾಕಬೇಡಿ.

ಅಂತರಗಂಗೆ
ಗೊತ್ತಿರಲಿಲ್ಲ. ಕ್ಷಮಿಸಿ.

ಹುಬ್ಬಳ್ಳಿ ಗುಬ್ಬಿ
ಎಲ್ಲರಿಗೂ ಧನ್ಯವಾದ. ಅಲ್ಫಾಮಾ ಮನೆ ಬಿಟ್ಟೆವು. ಅಲಮೇಡಾದ ಹತ್ತಿರ ಲಿಫ್ಟ್ ಇರುವ ಎರಡು ಕೋಣೆಯ ಮನೆ ಸಿಕ್ಕಿತು, ರಾತ್ರಿಗೆ 118 ಯೂರೊ. ಮೇಷ್ಟ್ರ ಮಾತನ್ನು ಅತ್ತೆಗೆ ಓದಿ ಹೇಳಿದೆ. "ಇವರು ಯಾರು, ನನ್ನ ಮೊಣಕಾಲಿನೊಳಗೆ ಕೂತು ಬರೆದ ಹಾಗಿದೆ" ಎಂದರು.

ಇನ್ನೆರಡು ಪ್ರಶ್ನೆ. ಹಳೆಯ ಕೇರಿಗಳ ನಡುವೆ ಹೋಗುವ, ಪ್ರವಾಸಿಗರೆಲ್ಲ ಹೇಳುವ 28ನೆಯ ಟ್ರಾಮ್ ಹತ್ತಲೇಬೇಕೆ? ಮತ್ತು ನಾವು ಮೂವರು ಸಸ್ಯಾಹಾರಿಗಳು, ಯಜಮಾನರು ಮೊಟ್ಟೆ ತಿನ್ನುತ್ತಾರೆ. ಬದುಕಿ ಬರುತ್ತೇವೆಯೆ?

ಕುಂದಾಪುರದ ಕಾಣೆ
ಊಟದ ಇಲಾಖೆ ನನ್ನದು, ಆದರೆ ನಾನು ಮೀನಿನವನು. ಸಾರ್ಡೀನ್ ಸುಡುವ ಊರಿಗೆ ಹೋಗಿ ನೀವು ಮೊಸರನ್ನ ಹುಡುಕುವುದನ್ನು ಕಂಡು ಕರುಳು ಚುರುಕ್ ಎನ್ನುತ್ತದೆ. ಆದರೂ ಹೇಳುತ್ತೇನೆ.

ಕೂತ ಕೂಡಲೇ ಕೇಳದೆಯೇ ಬ್ರೆಡ್, ಆಲಿವ್, ಬೆಣ್ಣೆ, ಚೀಸ್ ತಂದಿಡುತ್ತಾರೆ. ನಾವು ಉಪಚಾರ ಎಂದು ತಿಳಿದು ಖಾಲಿ ಮಾಡಿದೆವು. ಬಿಲ್ಲಿನಲ್ಲಿ ಒಂದೊಂದಕ್ಕೂ ದುಡ್ಡು ಬಿದ್ದಿತ್ತು. ಕೇಳದ, ಮುಟ್ಟದ ಪದಾರ್ಥಕ್ಕೆ ದುಡ್ಡು ಹಾಕುವಂತಿಲ್ಲ ಎಂಬುದು ಅಲ್ಲಿಯ ಕಾನೂನು. ಬೇಡವಾದರೆ ನಗುತ್ತಾ ತಟ್ಟೆಯನ್ನು ಮೇಜಿನ ತುದಿಗೆ ಸರಿಸಿ. ಅವರೂ ಬೇಸರಿಸದೆ ಒಯ್ಯುತ್ತಾರೆ.

ಕಾಲ್ಡು ವೆರ್ದೆ ಎಂಬ ಹಸಿರು ಸೊಪ್ಪಿನ ಸೂಪನ್ನು ಸಸ್ಯಾಹಾರ ಎಂದು ನಂಬಬೇಡಿ, ತಳದಲ್ಲಿ ಹಂದಿಮಾಂಸದ ಸಾಸೇಜಿನ ಬಿಲ್ಲೆ ಇರುತ್ತದೆ. ಹೆಸರಾಂತ ಪಾಸ್ತೆಲ್ ದೆ ನಾತಾದಲ್ಲಿ ಮೊಟ್ಟೆಯ ಹಳದಿಯೇ ಜೀವಾಳ. ಯಜಮಾನರು ನಾಲ್ವರ ಪಾಲನ್ನೂ ತಿನ್ನಲಿ, ಒಂದಕ್ಕೆ ಒಂದೂವರೆ ಯೂರೊಗಿಂತ ಹೆಚ್ಚು ಕೊಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮಾರ್ತಿಂ ಮೊನಿಶ್ ಚೌಕದ ಸುತ್ತ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ; ಬೇಳೆ, ಅಕ್ಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲವೂ ಸಿಗುತ್ತದೆ. ಮನೆಯಲ್ಲಿ ಒಲೆ ಇದೆಯಲ್ಲ? ರಾತ್ರಿ ಅನ್ನ ಸಾರು ಮಾಡಿ. ಊರಿನ ಉತ್ತರ ಭಾಗದಲ್ಲಿ ಹಿಂದೂ ಸಮುದಾಯದವರ ರಾಧಾಕೃಷ್ಣ ದೇವಸ್ಥಾನವಿದೆ, ಅಲ್ಲಿ ಸಸ್ಯಾಹಾರಿ ಊಟದ ಮನೆಯೂ ಇದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ.

ಲೆಕ್ಕದ ಪುಸ್ತಕ
28ರ ಬಗ್ಗೆ. ಮಾರ್ತಿಂ ಮೊನಿಶ್‌ನಲ್ಲಿ ಹತ್ತು ಗಂಟೆಗೆ ಸಾಲು ನಿಂತು, ಒಂದು ಗಂಟೆ ಕಾದು, ನಿಂತುಕೊಂಡೇ ಹೋಗಿ, ಪರ್ಸ್ ಕಳೆದುಕೊಂಡವರು ನಮ್ಮ ಗುಂಪಿನಲ್ಲೇ ಇದ್ದರು. ಊರಿನ ಜೇಬುಗಳ್ಳರಿಗೆ ಅದು ಕಚೇರಿ ಇದ್ದ ಹಾಗೆ. ಬೇಕೇ ಬೇಕೆಂದರೆ ಇನ್ನೊಂದು ತುದಿ ಕಾಂಪು ದೆ ಒರಿಕ್‌ನಿಂದ ಬೆಳಿಗ್ಗೆ ಎಂಟರೊಳಗೆ ಹತ್ತಿ. ಕೂರಲು ಜಾಗ ಸಿಗುತ್ತದೆ, ಮರದ ಬೆಂಚು, ಕಿಟಕಿ ತೆರೆಯುತ್ತದೆ. ಆ ನಿಲ್ದಾಣದ ಹೆಸರು ಪ್ರಜೇರೆಸ್, ಅರ್ಥ "ಸುಖಗಳು". ನಿಲ್ದಾಣದ ಎದುರಿಗೇ ಊರಿನ ದೊಡ್ಡ ಸ್ಮಶಾನ, ಅದರ ಹೆಸರೂ ಅದೇ.

ಜೆರೋನಿಮೊಸ್ ಮಠವಿರುವ ಬೆಲೇಂಗೆ 15ನೆಯ ಟ್ರಾಮ್. ನದಿದಂಡೆಯ ದಾರಿ, ಪೂರ್ತಿ ಸಮತಟ್ಟು. ಅತ್ತೆಯವರಿಗೆ ಅದು ವಿಶ್ರಾಂತಿಯ ದಿನವಾಗಲಿ. ಜೆರೋನಿಮೊಸ್ ಮಠ ಸೋಮವಾರ ರಜೆ. ಮಠದ ಒಳಾಂಗಣಕ್ಕೆ ಟಿಕೆಟ್ ಇದೆ. ಪಕ್ಕದ ಚರ್ಚಿಗೆ ನಾವು ಹೋದಾಗ ಇರಲಿಲ್ಲ. ವಾಸ್ಕೊ ಡ ಗಾಮನ ಸಮಾಧಿ ಇರುವುದು ಚರ್ಚಿನೊಳಗೆ, ಬಾಗಿಲು ದಾಟಿದ ಕೂಡಲೇ. 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದವನು ಇಲ್ಲಿ ಕೈಮುಗಿದುಕೊಂಡು ಮಲಗಿದ್ದಾನೆ.

ನಿವೃತ್ತ ಮೇಷ್ಟ್ರು
ಲಿಸ್ಬನ್ ಟೂರಿಸ್ಟ್ ಕಾರ್ಡ್ ಕೊಳ್ಳಬೇಕೆ ಎಂದು ತಂಗಿ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಓಡಾಟ, ಸಿಂಟ್ರಾ ರೈಲು, ಮಠ ಎಲ್ಲ ಸೇರಿರುತ್ತದೆ. ದಿನಕ್ಕೆ ಮೂರು ನಾಲ್ಕು ಕಡೆ ಟಿಕೆಟ್ ಕೊಟ್ಟು ಒಳಹೋಗುವವರಿಗೆ ಲಾಭ. ಮೊಣಕಾಲಿನವರು ದಿನಕ್ಕೆ ಒಂದು ಕಡೆ ಹೋದರೆ ಹೆಚ್ಚು. ದುಡ್ಡು ಕೊಟ್ಟಿದ್ದೇವೆ ಎಂಬ ಒಂದೇ ಕಾರಣಕ್ಕೆ ಓಡಬೇಕಾಗುತ್ತದೆ. ಬೇಡ.

ಹುಬ್ಬಳ್ಳಿ ಗುಬ್ಬಿ
(ನವೆಂಬರ್ ಮೊದಲ ವಾರ)
ಬಂದೆವು. ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ಕಥೆ.

ಮನೆ ಆರು ರಾತ್ರಿಗೆ 708. ಅದರ ಮೇಲೆ ನಗರದ ಪ್ರವಾಸಿ ತೆರಿಗೆ, ತಲೆಗೆ ರಾತ್ರಿಗೆ 4 ಯೂರೊ, 13 ತುಂಬದ ಮಗಳಿಗೆ ಇಲ್ಲ, ಮೂವರಿಗೆ 72. ಇದನ್ನು ನಾನು ಲೆಕ್ಕದಲ್ಲಿ ಹಿಡಿದೇ ಇರಲಿಲ್ಲ. ಓಡಾಟ ಒಟ್ಟು 192: ಮೂರು ದಿನ ನಾಲ್ವರಿಗೂ 24 ಗಂಟೆಯ ಟಿಕೆಟ್ 84, ಉಳಿದ ದಿನಗಳ ಜ್ಯಾಪಿಂಗ್ ಮತ್ತು ರೈಲು 58, ಟ್ಯಾಕ್ಸಿ 46, ಕಾರ್ಡುಗಳಿಗೆ 4. ಊಟ, ಕಾಫಿ, ದಿನಸಿ 412. ಪ್ರವೇಶ ಶುಲ್ಕ 231. ಇತರೆ 90, ಅದರಲ್ಲಿ ಅರ್ಧ ಯಜಮಾನರ ಬೂಟು. ಹಿಡಿತವಿರುವ ಬೂಟು ತೆಗೆದುಕೊಳ್ಳಿ ಎಂದು ಮೇಷ್ಟ್ರು ಬರೆದದ್ದು ಅತ್ತೆಗೆ ಮಾತ್ರ ಎಂದುಕೊಂಡಿದ್ದರು. ಮೂರನೆಯ ದಿನದ ಮಳೆಯಲ್ಲಿ ಗ್ರಾಸಾ ಇಳಿಜಾರಿನಲ್ಲಿ ಎಲ್ಲರೆದುರು ಕೂತುಬಿಟ್ಟರು. ಏಟು ಬೀಳಲಿಲ್ಲ, ಮರ್ಯಾದೆಗೆ ಸ್ವಲ್ಪ ಬಿತ್ತು. ಎಲ್ಲ ಸೇರಿ 1,705 ಯೂರೊ. 295 ಉಳಿಯಿತು.

ಕಾರ್ಡಿಗೆ 4 ಯೂರೊ ಏಕೆ, 2 ಸಾಕಲ್ಲ ಎನ್ನುತ್ತೀರಿ. ಮೊದಲ ದಿನವೇ ಎಲ್ಲ ಕಾರ್ಡಿಗೂ ಜ್ಯಾಪಿಂಗ್ ದುಡ್ಡು ತುಂಬಿಸಿದೆ. ಮರುದಿನ ಅದಕ್ಕೇ 24 ಗಂಟೆಯ ಟಿಕೆಟ್ ಹಾಕಲು ಹೋದರೆ ಯಂತ್ರ ಒಪ್ಪಲಿಲ್ಲ. ಒಳಗಿನ ದುಡ್ಡು ಪೂರ್ತಿ ಮುಗಿಯದೆ ಬೇರೆ ಬಗೆಯ ಟಿಕೆಟ್ ಅದರಲ್ಲಿ ಕೂರುವುದಿಲ್ಲವಂತೆ. ಇನ್ನೂ ನಾಲ್ಕು ಕಾರ್ಡ್ ಕೊಂಡೆವು. ಎಂಟು ಕಾರ್ಡ್‌ಗಳೂ ನೋಡಲು ಒಂದೇ ಥರ. ಗೇಟಿನ ಎದುರು ನಿಂತು ಯಾವುದು ಯಾವುದೆಂದು ಹುಡುಕುವಾಗ ಹಿಂದಿನ ಸಾಲು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಕೊನೆಗೆ ಮಗಳು ಒಂದು ಗುಂಪಿನ ಮೇಲೆ ಗುಬ್ಬಿ, ಇನ್ನೊಂದರ ಮೇಲೆ ಮೀನು ಬರೆದಳು.

ಚಾವಿಯ ಕಥೆ. ಮನೆಯ ಒಡತಿ ಪೋರ್ಚುಗೀಸ್ ಬಿಟ್ಟು ಬೇರೆ ಮಾತನಾಡುವುದಿಲ್ಲ. ಬಾಗಿಲಿನ ಮುಂದೆ ನಿಂತು ಏನೇನೋ ಹೇಳುತ್ತಾ ಕೈಯಲ್ಲಿ ಗೊಂಚಲು ಅಲ್ಲಾಡಿಸಿ "ಶಾವ್, ಶಾವ್" ಎಂದರು. ನಾನು ಮೊಬೈಲ್ ತೆಗೆದು ಅನುವಾದ ಹುಡುಕುವಷ್ಟರಲ್ಲಿ ಅತ್ತೆ ಕೈ ಚಾಚಿ "ಚಾವಿ ಕೊಡುತ್ತಿದ್ದಾರೆ, ತೆಗೆದುಕೋ" ಎಂದರು. ಅವರು ಹುಟ್ಟಿನಿಂದ ಧಾರವಾಡದವರು. ಕೀಲಿ ಎಂದೂ ಅನ್ನುತ್ತಾರೆ, ಚಾವಿ ಎಂದೂ ಅನ್ನುತ್ತಾರೆ. ಆಮೇಲೆ ಮೇಜು ಮುಟ್ಟಿ ತೋರಿಸಿದರೆ ಆಕೆ "ಮೇಜ" ಎಂದರು. ಮಾರುಕಟ್ಟೆಯಲ್ಲಿ ಆಲೂಗಡ್ಡೆಯ ಮುಂದೆ "ಬಟಾಟಾ" ಎಂದು ಬರೆದಿತ್ತು. ಅಷ್ಟರ ಮೇಲೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ, ಅಂಗಡಿಗೆ ತಾವೇ ಹೋಗಿ ಬರುತ್ತೇನೆ ಎಂದು ಹೊರಟರು.

ಫಾಂಕೇರೊಸ್ ಬೀದಿಯ ಲಿಫ್ಟ್ ಹುಡುಕಲು ಎರಡು ಸಲ ಅದರ ಮುಂದೆಯೇ ದಾಟಿ ಹೋದೆವು. ಒಳಗೆ ಸೊಪ್ಪಿನ ಚೀಲ ಹಿಡಿದ ಒಬ್ಬ ಅಜ್ಜಿ ಇದ್ದರು. ಅವರು ಅತ್ತೆಯ ಮೊಣಕಾಲಿನ ಪಟ್ಟಿ ನೋಡಿ ತಮ್ಮ ಲಂಗವನ್ನು ಚೂರು ಎತ್ತಿ ತಮ್ಮದೇ ಪಟ್ಟಿ ತೋರಿಸಿದರು. ಅವರದು ಬಲಗಾಲು. ಇಬ್ಬರೂ ಮೇಲೆ ತಲುಪುವವರೆಗೆ ನಗುತ್ತಲೇ ಇದ್ದರು.

28ನೆಯ ಟ್ರಾಮ್ ಹತ್ತಿದ್ದು ನಾನೂ ಅತ್ತೆಯೂ ಮಾತ್ರ. ಆ ದಿನ ತಂದೆ-ಮಗಳು ರೊಸಿಯುವಿನಿಂದ ರೈಲು ಹಿಡಿದು ಸಿಂಟ್ರಾಕ್ಕೆ ಹೋಗಿದ್ದರು. ನಲವತ್ತು ನಿಮಿಷದ ದಾರಿ, ಅಲ್ಲಿ ಪೇನಾ ಅರಮನೆಗೆ ಇನ್ನೊಂದು ಬೆಟ್ಟ, ಅದಕ್ಕೆ ಇನ್ನೊಂದು ಬಸ್ಸು. ನಾವು ಪ್ರಜೇರೆಸ್‌ನಿಂದ ಏಳೂ ಮುಕ್ಕಾಲಿಗೆ ಹತ್ತಿದೆವು, ಕಿಟಕಿ ಪಕ್ಕ ಸಿಕ್ಕಿತು. ಅಲ್ಫಾಮಾ ಮೇಲಿನ ಓಣಿಯಲ್ಲಿ ಗಾಡಿ ನಿಂತಿತು. ಯಾರೋ ಬಿಳಿ ವ್ಯಾನನ್ನು ಹಳಿಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದ್ದರು, ಅದರ ಕನ್ನಡಿ ದಾರಿಗೆ ಚಾಚಿತ್ತು. ಚಾಲಕಿ ಕಾಲಿನಿಂದ ಗಂಟೆ ಬಾರಿಸಿದರು. ಯಾರೂ ಬರಲಿಲ್ಲ. ಮೇಲಿನ ಕಿಟಕಿಯಿಂದ ಒಬ್ಬಳು ಬಟ್ಟೆ ಒಣಹಾಕುತ್ತಾ ಏನೋ ಕೂಗಿದಳು. ಕೊನೆಗೆ ಮುಂದೆ ಕೂತಿದ್ದ ಹುಡುಗನೊಬ್ಬ ಇಳಿದು ಕನ್ನಡಿ ಮಡಚಿದ. ಚಾಲಕಿ ಹೊರಗೆ ಕತ್ತು ಚಾಚಿ, ಬೆರಳಗಲದ ಸಂದು ನೋಡಿಕೊಂಡು, ಉಸಿರು ಹಿಡಿದಂತೆ ಗಾಡಿ ದಾಟಿಸಿದರು. ನಾನು ಕೈ ಒಳಗೆಳೆದುಕೊಂಡಿದ್ದೆ. ಗೋಡೆ ಮೂಗಿಗೆ ಅಷ್ಟು ಹತ್ತಿರ. ಅತ್ತೆ ತಣ್ಣಗೆ "ದುರ್ಗದಬೈಲಿನಲ್ಲಿ ನಿಮ್ಮ ಮಾವ ದಿನಾ ಹೀಗೇ ಸ್ಕೂಟರ್ ಹೊಡೆಯುತ್ತಿದ್ದರು" ಎಂದರು.

ಮೇಷ್ಟ್ರ ಮಾತನ್ನು ಅಕ್ಷರಶಃ ಪಾಲಿಸಿದೆವು: ಏರು ನಿಧಾನ, ಇಳಿಕೆಗೆ ವಾಹನ. 46 ಯೂರೊ ಟ್ಯಾಕ್ಸಿಯಲ್ಲಿ ಬಹುತೇಕ ಎಲ್ಲವೂ ಇಳಿಯುವುದಕ್ಕೇ ಹೋಯಿತು. ಒಂದು ದಿನ ಮಾತ್ರ ತಪ್ಪಿದೆವು. ಕೋಟೆಯಿಂದ ಹೊರಬಂದಾಗ ಸಂಜೆ ಬಿಸಿಲು ಬಹಳ ಚೆನ್ನಾಗಿತ್ತು, 737 ಬರಲು ಇನ್ನೂ ಹೊತ್ತಿತ್ತು, ಸ್ವಲ್ಪ ನಡೆಯೋಣ ಎಂದು ಹೊರಟು ಮೆಟ್ಟಿಲ ಓಣಿಗೆ ಸಿಕ್ಕಿಕೊಂಡೆವು. ಮರುದಿನ ಅತ್ತೆ ಮನೆಯಲ್ಲೇ ಉಳಿದರು, ಒಡತಿಯೊಂದಿಗೆ ಬಟಾಟೆ ಸುಲಿಯುತ್ತಾ.

ನಿವೃತ್ತ ಮೇಷ್ಟ್ರು
ಈಗ ಮೊಣಕಾಲು ಹೇಗಿದೆ?

ಹುಬ್ಬಳ್ಳಿ ಗುಬ್ಬಿ
ಹೋಗುವ ಮೊದಲು ಹೇಗಿತ್ತೋ ಹಾಗೆ. ಅವರ ದೃಷ್ಟಿಯಲ್ಲಿ ಅದು ಗೆಲುವು.

ಅಂತರಗಂಗೆ
ನಾವು ಮಾರ್ಚ್‌ನಲ್ಲಿ ಹೋಗುತ್ತಿದ್ದೇವೆ, ನಾಲ್ವರು. ಆ ಮೀನು-ಗುಬ್ಬಿಯ ಕಾರ್ಡ್‌ಗಳು ಇನ್ನೂ ಇವೆಯೆ?

ಲೆಕ್ಕದ ಪುಸ್ತಕ
ಕೊಂಡ ದಿನದಿಂದ ಒಂದು ವರ್ಷ ನಡೆಯುತ್ತವೆ. ಎರಡು ಯೂರೊ ಉಳಿತಾಯ.

ಹುಬ್ಬಳ್ಳಿ ಗುಬ್ಬಿ
ಇವೆ. ಮೀನಿನವುಗಳಲ್ಲಿ ಇನ್ನೂ ಸ್ವಲ್ಪ ಜ್ಯಾಪಿಂಗ್ ದುಡ್ಡಿದೆ, ಮೊದಲು ಅದನ್ನು ಮುಗಿಸಿ. ಗುಬ್ಬಿಯವುಗಳಿಗೆ 24 ಗಂಟೆಯದು ಹಾಕಿ. ವಿಳಾಸವನ್ನು ಖಾಸಗಿಯಾಗಿ ಕಳುಹಿಸಿ, ಸೋಮವಾರ ಅಂಚೆಗೆ ಹಾಕುತ್ತೇನೆ.